ಓದಿ ವಿವರಿಸಲಾಯಿತು

ಕಳೆದ ವಾರ ಮಗಳ ಈಜು ತರಗತಿಯ ಫಾರಂ ಕೊಟ್ಟು ಬರೋಣವೆಂದು ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಹೋಗಿದ್ದೆ. ಕೊಡೆ ಮಡಚಿ, ಚಪ್ಪಲಿ ಗೂಡಿನಲ್ಲಿಟ್ಟು ಒಳಗೆ ಕಾಲಿಟ್ಟೆನೋ ಇಲ್ಲವೋ, ಹುರಿದ ಬಾರ್ಲಿಯ ವಾಸನೆ ಮೂಗಿಗೆ ಬಡಿಯಿತು. ಜೂನ್ ಬಂತೆಂದರೆ ಜಪಾನಿನಲ್ಲಿ ಎಲ್ಲರ ಮನೆಯಲ್ಲೂ ಬಾರ್ಲಿ ಟೀ ಕುದಿಸಿ ಆರಿಸಿ ಇಡುತ್ತಾರೆ, ಅದರಲ್ಲಿ ಹೊಸತೇನಿಲ್ಲ. ಆದರೆ ಈ ಭವನದ ಒದ್ದೆ ಚಾಪೆಯ ವಾಸನೆಯೂ ಅದರ ಜೊತೆ ಸೇರಿದರೆ ನನಗೆ ಮಿಜುನೋ-ಸಾನ್ ನೆನಪಾಗುತ್ತಾರೆ. ಅವರು ಹೋಗಿ ಎರಡು ವರ್ಷವಾಯಿತು. ಕೌಂಟರಿನ ಹುಡುಗಿ 'ಸುಮಿಮಾಸೆನ್, ಸ್ವಲ್ಪ ಕಾಯ್ತೀರಾ' ಎಂದಳು. ಸರಿ ಎಂದು ಕೂತವಳು ಫಾರಂ ಕೈಯಲ್ಲೇ ಹಿಡಿದು ಅರ್ಧ ಗಂಟೆ ಕೂತುಬಿಟ್ಟೆ.

ಅವರ ಪರಿಚಯವಾದ ವರ್ಷ ನಾನು ಇನ್ನೂ ಜಡ್ಜ್ ಆಗಿದ್ದೆ. ದೊಡ್ಡ ಜಡ್ಜೇನಲ್ಲ. ಸಿವಿಲ್ ಜಡ್ಜ್ ಮತ್ತು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಂದರೆ ತಾಲೂಕು ಕೋರ್ಟಿನ ಮೇಡಂ. ನಾಲ್ಕು ವರ್ಷ ಸೀನಿಯರ್ ಒಬ್ಬರ ಫೈಲು ಹೊತ್ತು, ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮೂರನೆಯ ಸಲ ಪಾಸಾಗಿ ಹತ್ತಿದ ಮೆಟ್ಟಿಲು ಅದು. ಅಲ್ಲಿಂದ ಮೇಲೆ ಸೀನಿಯರ್ ಸಿವಿಲ್ ಜಡ್ಜ್, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರು, ಅದರ ಮೇಲೆ ಅದೃಷ್ಟ. ಹತ್ತಬೇಕೆಂದರೆ ಕೇಸು ಮುಗಿಸಬೇಕು. ಮುಗಿಸಿದ ಪ್ರತಿ ಕೇಸಿಗೂ ನಮಗೆ ಇಷ್ಟು ಯೂನಿಟ್ ಅಂತ ಲೆಕ್ಕ ಹಾಕುತ್ತಿದ್ದರು, ತಿಂಗಳ ಕೊನೆಗೆ ಯೂನಿಟ್ ಕಡಿಮೆಯಾದರೆ ಮೇಲಿನವರ ಕಾಗದ ಬರುತ್ತಿತ್ತು. ನನ್ನ ಯೂನಿಟ್ ಯಾವತ್ತೂ ಕಡಿಮೆಯಾಗಲಿಲ್ಲ. ಅದರ ಬಗ್ಗೆ ನನಗೆ ಒಳ್ಳೇ ಜಂಬವಿತ್ತು.

ಗಂಡ ಪ್ರಕಾಶ ನಾಗೋಯಾದ ಹೊರಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮಗಳು ನಿಧಿ ಅವನ ಜೊತೆಗೇ ಇದ್ದಳು, ನಮ್ಮತ್ತೆ ಒಂದಷ್ಟು ದಿನ, ನಮ್ಮಮ್ಮ ಒಂದಷ್ಟು ದಿನ ಬಂದು ನೋಡಿಕೊಳ್ಳುತ್ತಿದ್ದರು. ಒಂದು ದಿನ ವಿಡಿಯೋ ಕಾಲಿನಲ್ಲಿ ನಾನು 'ಊಟ ಆಯ್ತಾ ಪುಟ್ಟಾ' ಎಂದರೆ ಅವಳು ಜಪಾನಿ ಭಾಷೆಯಲ್ಲಿ ಏನೋ ಹೇಳಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮಾರನೆಯ ದಿನವೇ ಒಂದು ವರ್ಷದ ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಿದೆ. ಸಿಕ್ಕಿತು. ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಿಳಿದೆ, ಮುಂದಿನ ಅಕ್ಟೋಬರಿನೊಳಗೆ ವಾಪಸ್ ಹೋಗಿ ಕುರ್ಚಿಯಲ್ಲಿ ಕೂರಬೇಕಿತ್ತು. ಬಡ್ತಿಯ ಪಟ್ಟಿಯೂ ಆ ಹೊತ್ತಿಗೇ ಬರುವುದರಲ್ಲಿತ್ತು. ನನ್ನ ಹೆಸರು ಅದರಲ್ಲಿ ಇರುತ್ತದೆಂದು ನನಗೂ ಗೊತ್ತಿತ್ತು, ನನ್ನ ಬ್ಯಾಚಿನವರಿಗೆಲ್ಲ ಗೊತ್ತಿತ್ತು.

ಬಂದ ಹೊಸದರಲ್ಲಿ ನನ್ನ ಪಾಡು ನಾಯಿಪಾಡು. ಏಳು ವರ್ಷ ನಾನು ಒಳಗೆ ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಇಲ್ಲಿ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳಲೂ ಬಾಯಿ ಬರುತ್ತಿರಲಿಲ್ಲ. ಚಳಿಗಾಲವೆಲ್ಲ ಮನೆಯಲ್ಲಿ ಕೂತು ಗಂಡನ ಮೇಲೆ ರೇಗಿದೆ. ಕೊನೆಗೆ ಅವನೇ ಕೈಮುಗಿದ.

"ಸುಮಾ, ಪ್ಲೀಸ್ ಕಣೆ. ಸಮುದಾಯ ಭವನದಲ್ಲಿ ರಿಟೈರ್ ಆದೋರು ಫ್ರೀಯಾಗಿ ಜಾಪನೀಸ್ ಹೇಳ್ಕೊಡ್ತಾರಂತೆ. ವೀಕ್ಲಿ ಎರಡು ದಿನ ಹೋಗಿ ಬಾ. ನಿನ್ ಕೋರ್ಟು ಮನೇಲಿ ನಡೆಸ್ಬೇಡ."

ಹಾಗೆ ಸಿಕ್ಕವರು ಮಿಜುನೋ-ಸಾನ್. ಎಪ್ಪತ್ತು ದಾಟಿದ್ದರು. ಬೂದು ಬಣ್ಣದ ಸ್ವೆಟರು, ತೀರ ಚೊಕ್ಕಟ ಉಗುರು, ಪ್ರತಿ ಮಾತಿಗೂ ಮೊದಲು ಎರಡು ಗಳಿಗೆ ಮೌನ. ಬೇರೆ ಟೇಬಲಿನವರು ತಮ್ಮ ಮೇಷ್ಟ್ರನ್ನು 'ಸೆನ್ಸೇ' ಎನ್ನುತ್ತಿದ್ದರೆ ಇವರು ಮಾತ್ರ ಹಾಗೆ ಕರೆಯಬೇಡಿ, ಬರೀ ಮಿಜುನೋ-ಸಾನ್ ಸಾಕು ಎಂದರು. ಅವರ ಅರೆಬರೆ ಇಂಗ್ಲಿಷು, ನನ್ನ ಅರೆಬರೆ ಜಪಾನೀಸು, ಫೋನಿನ ನಿಘಂಟು, ಇವಿಷ್ಟರಲ್ಲಿ ನಮ್ಮ ಸಂಸಾರ ಸಾಗುತ್ತಿತ್ತು.

ಒಂದು ದಿನ 'ನಾನು ಇಂಥ ಕೆಲಸ ಮಾಡುತ್ತೇನೆ' ಎಂಬ ಪಾಠ. ನಿಘಂಟು ನೋಡಿ 'ನಾನು ನ್ಯಾಯಾಧೀಶೆ' ಎಂದು ಬರೆದೆ. ಅವರು ಅದನ್ನೇ ನೋಡುತ್ತ ಕೂತರು. ಬಹುಶಃ ಕಾಗುಣಿತ ತಪ್ಪಿದೆ ಅಂದುಕೊಂಡೆ. ಆಮೇಲೆ ನನ್ನ ಪೆನ್ಸಿಲ್ ತಗೊಂಡು ಅದರ ಕೆಳಗೆ ನಿಧಾನಕ್ಕೆ 'ನಾನೂ ಆಗಿದ್ದೆ' ಎಂದು ಬರೆದರು.

ಅಯ್ಯೋ, ಆ ದಿನದ ಖುಷಿ ಏನು ಹೇಳಲಿ! ಬೇರೆ ದೇಶದಲ್ಲಿ ತವರೂರಿನವರು ಸಿಕ್ಕಿದ ಹಾಗಾಯಿತು. ಅವರದೂ ಥೇಟ್ ನಮ್ಮದೇ ಹಾದಿ. ಐದು ಸಲ ಪರೀಕ್ಷೆ ಬರೆದಿದ್ದರಂತೆ. ಮೊದಲ ಹತ್ತು ವರ್ಷ ಸಹಾಯಕ ನ್ಯಾಯಾಧೀಶ, ಆಮೇಲೆ ಪೂರಾ ನ್ಯಾಯಾಧೀಶ, ಮೂರು ವರ್ಷಕ್ಕೊಮ್ಮೆ ವರ್ಗ. ವಸಂತ ಬಂತೆಂದರೆ ಹೆಂಡತಿ ಸಾಮಾನು ಕಟ್ಟಲು ಶುರು ಮಾಡುತ್ತಿದ್ದರಂತೆ. ಮಗಳು ಆರನೆಯ ಶಾಲೆಗೆ ಹೋಗುವುದಿಲ್ಲವೆಂದು ಅತ್ತಮೇಲೆ ಹೆಂಡತಿ ಮಗಳು ಒಸಾಕಾದಲ್ಲಿ ಉಳಿದರು, ಇವರು ಒಬ್ಬರೇ ಊರೂರು ಅಲೆದರು. ಊರಿನ ಯಾರ ಜೊತೆಗೂ ಸ್ನೇಹ ಬೆಳೆಸುವ ಹಾಗಿರಲಿಲ್ಲ. ನಾಳೆ ಯಾರು ಎದುರಿಗೆ ಬಂದು ನಿಲ್ಲುತ್ತಾರೋ ಯಾರಿಗೆ ಗೊತ್ತು, ಅದಕ್ಕೇ ಕ್ಷೌರಕ್ಕೆ ಕೂಡ ರೈಲು ಹತ್ತಿ ಎರಡು ಸ್ಟೇಷನ್ ಆಚೆ ಹೋಗುತ್ತಿದ್ದರಂತೆ. ನಾನು ಏಳು ವರ್ಷ ಸಂತೆಗೆ ಕಾಲಿಟ್ಟಿಲ್ಲ, ತರಕಾರಿಯನ್ನು ಅಟೆಂಡರ್ ತರುತ್ತಿದ್ದ ಎಂದೆ. ಅವರು ನಕ್ಕರು. ಅವರ ನಗು ನಾನು ಕಂಡದ್ದೇ ಕಡಿಮೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಇಲ್ಲಿಯ ಮುಂಗಾರಿಗೆ ತ್ಸುಯು ಅನ್ನುತ್ತಾರೆ. ನಮ್ಮ ಮಳೆಯ ಹಾಗೆ ಗುಡುಗಿ ಸುರಿದು ಮುಗಿಸುವುದಿಲ್ಲ, ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥದೊಂದು ಮಂಗಳವಾರ ನಮ್ಮ ಪಾಠ 'ಸುಮಿಮಾಸೆನ್'.

ನನಗೆ ಗೊತ್ತು ಬಿಡಿ, 'ಕ್ಷಮಿಸಿ' ಅಂತ, ಎಂದೆ ನಾನು. ಅಲ್ಲ ಎಂದು ಅವರು ತಲೆಯಾಡಿಸಿದರು. ಅಂಗಡಿಯಲ್ಲಿ ಕರೆಯಲಿಕ್ಕೂ ಸುಮಿಮಾಸೆನ್, ಉಡುಗೊರೆ ತಗೊಳ್ಳುವಾಗಲೂ ಸುಮಿಮಾಸೆನ್, ದಾರಿ ಬಿಡಿ ಅನ್ನಲಿಕ್ಕೂ ಸುಮಿಮಾಸೆನ್. ಆಮೇಲೆ ಎದ್ದು ನಿಂತು ರೈಲಿನಲ್ಲಿ ತೂಗಾಡುವವರಂತೆ ಮಾಡಿ, ತಮ್ಮ ಬಲಗಾಲಿಂದ ಎಡಗಾಲು ತುಳಿದುಕೊಂಡು ತೋರಿಸಿದರು.

"ತುಳಿದವನು ಸುಮಿಮಾಸೆನ್ ಅನ್ನುತ್ತಾನೆ. ತುಳಿಸಿಕೊಂಡವನೂ ಸುಮಿಮಾಸೆನ್ ಅನ್ನುತ್ತಾನೆ. ಇಬ್ಬರ ಮಾತೂ ಒಂದೇ. ಎರಡನೆಯವನು ಏನು ತಪ್ಪು ಮಾಡಿದ್ದಾನೆ?"

ನಾನು ಜೋರಾಗಿ ನಕ್ಕೆ. ನಮ್ಮಲ್ಲೂ ಇಂಥದೊಂದು ಪದವಿದೆ, 'ತಪ್ಪಾಯ್ತು' ಅಂತ ಎಂದೆ. ಅಂದವಳು ಅಲ್ಲಿಗೇ ನಿಂತುಬಿಟ್ಟೆ.

ನನ್ನ ಎರಡನೆಯ ಪೋಸ್ಟಿಂಗು ಬಯಲುಸೀಮೆಯ ಒಂದು ತಾಲೂಕು. ಅಲ್ಲಿ ತಿಂಗಳಿಗೊಂದು ದಿನ ಸಣ್ಣ ಪುಟ್ಟ ಕೇಸುಗಳನ್ನೆಲ್ಲ ಗುಡಿಸಿ ಹಾಕುತ್ತಿದ್ದೆವು. ಒಂದು ಸೋಮವಾರ ಇಸ್ಪೀಟಿನ ಕೇಸು, ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಮುದ್ರಿಸಿದ ಫಾರಂ ಇರುತ್ತದೆ: 'ಆರೋಪವನ್ನು ಆರೋಪಿಗೆ ಕನ್ನಡದಲ್ಲಿ ಓದಿ ವಿವರಿಸಲಾಯಿತು. ಆರೋಪಿಯು ಅರ್ಥ ಮಾಡಿಕೊಂಡು ತಪ್ಪೊಪ್ಪಿಕೊಂಡಿರುತ್ತಾನೆ.' ಹೆಸರು ತುಂಬಿ ಸಹಿ ಹಾಕಿದರೆ ಮುಗಿಯಿತು. ಓದಿಯೂ ಇಲ್ಲ, ವಿವರಿಸಿಯೂ ಇಲ್ಲ. ನಲವತ್ತು ಕೇಸಿನ ದಿನ ಯಾರು ಓದುತ್ತಾರೆ? 'ತಪ್ಪು ಒಪ್ಕೋತೀಯಾ?' 'ಹ್ಞೂಂ ಸ್ವಾಮಿ.' ಮುಂದಿನವರು. ಒಂಬತ್ತನೆಯವನು ಮಾತ್ರ ಏನೋ ಹೇಳಲು ಹೊರಟ. "ನಾನು ನಮ್ ಭಾವನ್ನ ಕರ್ಯಾಕೆ ಹೋಗಿದ್ನಿ ತಾಯಿ, ಅಷ್ಟರಾಗೆ ಪೊಲೀಸ್ನೋರು..." ನನಗೆ ರೇಗಿತು. "ಕಥೆ ಬೇಡ ಕಣಯ್ಯಾ, ಇಲ್ಲಿ ಕಥೆ ಕೇಳೋಕೆ ಕೂತಿದೀನಾ? ಒಪ್ಕೋತೀಯೋ ಇಲ್ವೋ ಅಷ್ಟು ಹೇಳು" ಎಂದೆ. ಅವನು ಎರಡೂ ಕೈ ಜೋಡಿಸಿ "ತಪ್ಪಾಯ್ತು ತಾಯಿ" ಎಂದ. ನಾನು ಸಹಿ ಹಾಕಿದೆ.

ಅವನು ಒಪ್ಪಿಕೊಂಡದ್ದು ಇಸ್ಪೀಟು ಆಡಿದ್ದನ್ನಲ್ಲ. ಜಡ್ಜಮ್ಮನ ಮುಂದೆ ಹೆಚ್ಚು ಮಾತಾಡಿದ್ದು ತಪ್ಪಾಯ್ತು ಅಂದಿದ್ದ ಅಷ್ಟೆ. ಕನ್ನಡದಲ್ಲೇ ಹುಟ್ಟಿ ಬೆಳೆದ ನನಗೆ ಆ ಮಾತು ಅರ್ಥವಾಗಲು ಜಪಾನಿಗೆ ಬಂದು, ಮುದುಕರೊಬ್ಬರು ತಮ್ಮ ಕಾಲನ್ನು ತಾವೇ ತುಳಿದುಕೊಂಡು ತೋರಿಸಬೇಕಾಯಿತು.

ಶಿಕ್ಷೆ ಬಹಳ ಸಣ್ಣದು. ಕೋರ್ಟು ಏಳುವವರೆಗಿನ ಸಜೆ, ಅಂದರೆ ಸಂಜೆಯವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದು ಮನೆಗೆ ಹೋಗುವುದು. ದಯೆ ತೋರಿಸಿದೆ ಅಂತಲೇ ನಾನು ತಿಳಿದಿದ್ದೆ. ಆದರೆ ಮಲ್ಲೇಶಪ್ಪ, ಅದು ಅವನ ಹೆಸರು, ಪಶು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ದಿನಗೂಲಿ ಮಾಡಿ ಖಾಯಂ ಆಗುವುದರಲ್ಲಿದ್ದ. ಪೊಲೀಸ್ ವರದಿಯಲ್ಲಿ ಶಿಕ್ಷೆಯಾದವನು ಎಂದು ಬಂತು, ಖಾಯಮಾತಿ ಹೋಯಿತು, ಇದ್ದ ಕೆಲಸವೂ ಹೋಯಿತು. ಇದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಅವನ ತಾಯಿ ನನ್ನ ಕ್ವಾರ್ಟರ್ಸಿನ ಗೇಟಿಗೆ ಬಂದಾಗ. ಜಡ್ಜಾದವಳು ಕಕ್ಷಿದಾರರನ್ನು ಮನೆಯಲ್ಲಿ ನೋಡುವಂತಿಲ್ಲ. ಅಟೆಂಡರ್ ಕೈಲಿ 'ವಕೀಲರ ಮೂಲಕ ಅರ್ಜಿ ಹಾಕಿಸಿ' ಎಂದು ಹೇಳಿ ಕಳಿಸಿದೆ. ಕಿಟಕಿಯಿಂದ ನೋಡಿದೆ, ಮುದುಕಿ ಗೇಟಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿ ಹೋದಳು. ಏನೆಂದಳು ಅಂತ ಆಮೇಲೆ ಬೆಂಚ್ ಕ್ಲರ್ಕ್ ನಾಗಪ್ಪನವರು ಹೇಳಿದರು: 'ನನ್ ಮಗ ಆಡಿದ್ದು ತಪ್ಪೇ, ಹೊಟ್ಟೆಮ್ಯಾಲೆ ಹೊಡೀಬ್ಯಾಡ್ರಿ ಅನ್ನು ಅಮ್ಮಾರಿಗೆ' ಅಂದಳಂತೆ. ನೋಡಿ, ತಾಯಿಯೇ ಆಡಿದ್ದು ತಪ್ಪು ಅನ್ನುತ್ತಿದ್ದಾಳೆ ಎಂದು ನನಗೆ ಸಮಾಧಾನವಾಗಿತ್ತು. ಆ ಸಮಾಧಾನವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಇದನ್ನೆಲ್ಲ ಅವತ್ತು ಮಿಜುನೋ-ಸಾನ್ ಎದುರು ಹೇಳಿದೆ. ಹೇಗೆ ಹೇಳಿದೆನೋ ದೇವರೇ ಬಲ್ಲ, ಅರ್ಧ ಇಂಗ್ಲಿಷು, ಅರ್ಧ ಅಳು. ಬಿಡಿ, ಯಾರಿಗೂ ಆಗುತ್ತೆ ಅನ್ನುತ್ತಾರೆ ಎಂದು ಕಾದಿದ್ದೆ. ಅನ್ನಲಿಲ್ಲ. ನನ್ನ ಲೋಟಕ್ಕೆ ಬಾರ್ಲಿ ಟೀ ಸುರಿದರು.

"ಆ ಮನುಷ್ಯ ಬದುಕಿದ್ದಾರಾ?" ಎಂದು ಕೇಳಿದರು.

ಇರಬೇಕು, ಐವತ್ತರ ಒಳಗಿನವರು ಎಂದೆ.

"ಹಾಗಾದರೆ ನಿಮಗೆ ಇನ್ನೂ ಸಮಯವಿದೆ" ಎಂದರು.

ಅವರ ಕಥೆಯನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು. ಸಮುದ್ರದ ಕಡೆಯ ಒಂದು ಸಣ್ಣ ಕೋರ್ಟಿನಲ್ಲಿ ಒಬ್ಬರೇ ಕೂರುತ್ತಿದ್ದ ಕಾಲ. ಮೀನು ಮಂಡಿಯ ಕೂಲಿಯೊಬ್ಬನ ಮೇಲೆ ಕಳವಿನ ಆರೋಪ. ಆ ಮನುಷ್ಯ ಒಳಗೆ ಬರುವಾಗ ಸುಮಿಮಾಸೆನ್ ಅಂದ, ಕೂರುವಾಗ ಅಂದ, ಪ್ರತಿ ಪ್ರಶ್ನೆಗೂ ಅಂದ. ಇವರು ತೀರ್ಪಿನಲ್ಲಿ 'ಆರೋಪಿಗೆ ತಾನು ಮಾಡಿದ್ದರ ಅರಿವಿದೆ' ಎಂದು ಬರೆದರು. ಒಂಬತ್ತು ವರ್ಷದ ಮೇಲೆ ನಿಜವಾದ ಕಳ್ಳ ಬೇರೆ ಕೇಸಿನಲ್ಲಿ ಸಿಕ್ಕಿಬಿದ್ದು ಇದನ್ನೂ ಒಪ್ಪಿಕೊಂಡ. ಅಷ್ಟರಲ್ಲಿ ಇವರು ಬೇರೆ ಊರು, ಬೇರೆ ಕೋರ್ಟು. ಹೋಗಿ ನೋಡಬೇಕು ಅಂತ ಪ್ರತಿ ವಸಂತದಲ್ಲೂ ಅಂದುಕೊಂಡರು. ಕುರ್ಚಿಯ ಮರ್ಯಾದೆ ಅಡ್ಡ ಬಂತು. ನಿವೃತ್ತಿಯಾದ ಮೇಲೆ ಹೋದರು, ಆ ಮನುಷ್ಯ ತೀರಿಕೊಂಡಿದ್ದ. ತಂಗಿ ಬಾಗಿಲು ತೆರೆದಳು. ಇವರು ತಮ್ಮ ಹೆಸರು ಹೇಳಿ ಬಾಗಿದರು. ಆಕೆಯೂ ಬಾಗಿ, 'ಆ ಹೆಸರಿನವರು ಯಾರೂ ನಮಗೆ ಗೊತ್ತಿಲ್ಲ' ಎಂದು ಮೆತ್ತಗೆ ಬಾಗಿಲು ಹಾಕಿಕೊಂಡಳು.

ಹೊರಗೆ ಮಳೆ ಜಿನುಗುತ್ತಲೇ ಇತ್ತು. ನಾವಿಬ್ಬರೂ ಆ ದಿನ ಮತ್ತೆ ಪಾಠ ಮಾಡಲಿಲ್ಲ.

ತಪ್ಪೊಪ್ಪಿಕೊಂಡ ಮೇಲೆ ಆದ ಶಿಕ್ಷೆಗೆ ಅಪೀಲು ಹಾಕುವುದು ಕಷ್ಟ, ಆದರೆ ಆದೇಶವನ್ನು ಮರುಪರಿಶೀಲಿಸಿ ಎಂದು ಜಿಲ್ಲಾ ಕೋರ್ಟಿಗೆ ರಿವಿಷನ್ ಅರ್ಜಿ ಹಾಕಬಹುದು. ಆರೋಪವನ್ನು ಓದಿ ಹೇಳಿಯೇ ಇರಲಿಲ್ಲ ಎಂದು ಗೊತ್ತಾದರೆ ಆ ಒಪ್ಪಿಗೆ ನಿಲ್ಲುವುದಿಲ್ಲ. ಓದಿ ಹೇಳಿರಲಿಲ್ಲ ಎಂದು ಗೊತ್ತಿದ್ದವಳು ನಾನು. ಆದರೆ ಹಾಗೆಂದು ಬರೆದುಕೊಟ್ಟರೆ, ಸುಳ್ಳು ಫಾರಂಗೆ ಸಹಿ ಹಾಕಿದೆ ಎಂದು ನಾನೇ ಮೇಲಿನವರಿಗೆ ಹೇಳಿದ ಹಾಗೆ. ಅದೂ ಬಡ್ತಿಯ ಪಟ್ಟಿ ಬರುವ ಹೊತ್ತಿನಲ್ಲಿ.

ಆದರೂ ಬರೆದೆ. ಪ್ರಕಾಶ ಆ ಕಾಗದ ಓದಿ ತಲೆ ಮೇಲೆ ಕೈ ಹೊತ್ತು ಕೂತ.

"ಹುಚ್ಚು ಗಿಚ್ಚು ಹಿಡಿದಿದ್ಯೇನೆ ನಿಂಗೆ? ಅವನೇ ಬಂದು ಕೇಳಿದ್ನಾ? ಇಷ್ಟು ವರ್ಷ ನೀನೊಂದು ಕಡೆ, ನಾವಿಬ್ಬರು ಒಂದು ಕಡೆ ಇದ್ದಿದ್ದು ಏನಕ್ಕೆ? ನಿನ್ ಕರಿಯರ್‌ಗೆ ತಾನೇ?"

"ಹೌದು."

"ಎಲ್ಲಾ ಮ್ಯಾಜಿಸ್ಟ್ರೇಟ್‌ಗಳೂ ಹಾಗೇ ಮಾಡ್ತಾರೆ ಅಂತ ನೀನೇ ಹೇಳ್ತಿದ್ದೆ."

"ಅದೇ ಕಣೋ ಭಯ ಆಗೋದು" ಎಂದೆ.

ಮಾರನೆಯ ದಿನ ಅವನು ಆಫೀಸಿಗೆ ಹೋಗುವ ಮುಂಚೆ ಅಂಚೆ ಕಚೇರಿಗೆ ನನ್ನ ಜೊತೆ ಬಂದು, ಫಾರಂನಲ್ಲಿ ವಿಳಾಸವನ್ನು ತಾನೇ ತುಂಬಿದ. ಜಿಲ್ಲಾ ನ್ಯಾಯಾಧೀಶರಿಗೆ ರಿಜಿಸ್ಟರ್ಡ್ ಲಕೋಟೆ.

ಕಾಗದ ಹೋದರೆ ಸಾಲದು, ಮಲ್ಲೇಶಪ್ಪ ಅರ್ಜಿ ಹಾಕಬೇಕು. ನಾಗಪ್ಪನವರಿಗೆ ಫೋನು ಮಾಡಿದೆ. "ಅಯ್ಯೋ ಮೇಡಂ, ನೀವಾ! ಜಪಾನಿಂದಾನಾ? ಆರಾಮಾಗಿದೀರಾ?" ಎಂದು ಸಂಭ್ರಮಪಟ್ಟವರು ವಿಷಯ ಕೇಳಿ ತಣ್ಣಗಾದರು. "ಬ್ಯಾಡಿತ್ತು ಮೇಡಂ ಇದು" ಎಂದರು. ಆದರೂ ಎರಡು ದಿನದಲ್ಲಿ ನಂಬರು ಹುಡುಕಿ ಕಳಿಸಿದರು. ಕಕ್ಷಿದಾರನಿಗೆ ಜಡ್ಜ್ ಫೋನು ಮಾಡುವುದು ದೊಡ್ಡ ತಪ್ಪು. ಗೊತ್ತಿದ್ದೇ ಮಾಡಿದೆ.

ಕೋರ್ಟಿನ ಮೇಡಂ ಎಂದು ಕೇಳಿದ ತಕ್ಷಣ ಆ ಕಡೆಯ ಉಸಿರೇ ಬದಲಾಯಿತು. "ಮತ್ತೇನಾತು ತಾಯಿ? ನಾನೇನೂ ಮಾಡಿಲ್ಲ" ಎಂದರು ಮಲ್ಲೇಶಪ್ಪ. ಇನ್ನೂ ಐವತ್ತಾಗದ ಮನುಷ್ಯನ ದನಿ ಮುದುಕರದಿತ್ತು. ಎಲ್ಲ ಬಿಡಿಸಿ ಹೇಳಿದೆ. ತಪ್ಪು ನನ್ನದು, ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋದರೆ ಬಿಟ್ಟಿ ವಕೀಲರನ್ನು ಕೊಡುತ್ತಾರೆ, ಅರ್ಜಿ ಹಾಕಿ ಎಂದೆ. ಕೆಲಸ ಮತ್ತೆ ಸಿಗುತ್ತದೆಂದು ಆಸೆ ತೋರಿಸುವ ಧೈರ್ಯ ಆಗಲಿಲ್ಲ. ಅವರು ಕೆಲಸದ ಮಾತೇ ಎತ್ತಲಿಲ್ಲ.

"ಕೆಲ್ಸ ಹೋಗ್ಲಿ ಬಿಡ್ರಿ ತಾಯಿ, ಕುರಿ ಕಾಯ್ತೀನಿ. ನಮ್ಮವ್ವ ಸಾಯೋತನಕ ನನ್ನ ನಂಬ್ಲಿಲ್ಲ. ಆಡಿಲ್ಲ ಕಣವ್ವಾ ಅಂದ್ರೆ, ಜಡ್ಜಮ್ಮಾರ ಮುಂದೆ ನೀನೇ ಒಪ್ಕಂಡೀಯಂತಲ್ಲೋ ಅಂತಿದ್ಲು. ಹೋದ ಚಳಿಗಾಲದಾಗೆ ಹೋದ್ಲು. ಆಡಿಲ್ಲ ಅಂತ ಒಂದು ಕಾಗ್ದ ಬಂದ್ರೆ ಸಾಕು ನಂಗೆ. ನನ್ ಮಕ್ಕಳಿಗೆ ತೋರಿಸ್ತೀನಿ."

ಆ ಕಾಗದ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಗೇಟಿಗೆ ಹಣೆ ಮುಟ್ಟಿಸಿದ ಆ ತಾಯಿಯನ್ನು ಒಂದು ನಿಮಿಷ ಒಳಗೆ ಕರೆಯದೆ ಹೋದೆನಲ್ಲ ಎಂದು ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ನಿಧಿ ಬಂದು ಏನಾಯಿತೆಂದು ಜಪಾನಿಯಲ್ಲಿ ಕೇಳಿದಳು. ಅಳುತ್ತಲೇ ಜಪಾನಿಯಲ್ಲೇ 'ಏನಿಲ್ಲ' ಎಂದೆ. ಅದು ನಾನು ಅವಳೊಡನೆ ತಡವರಿಸದೆ ಆಡಿದ ಮೊದಲ ಜಪಾನಿ ಮಾತು.

ಜುಲೈ ಮೂರನೆಯ ವಾರ ಮಳೆ ಹೋಗಿ ಸಿಕಾಡ ಹುಳಗಳ ಅರಚಾಟ ಶುರುವಾಯಿತು. ಆಗಸ್ಟಿನಲ್ಲಿ ನನಗೆ ಮೇಲಿಂದ ವಿವರಣೆ ಕೇಳಿ ಕಾಗದ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸೆಪ್ಟೆಂಬರಿನಲ್ಲಿ ಪಟ್ಟಿ ಬಂತು, ನನಗಿಂತ ಎರಡು ವರ್ಷ ಕಿರಿಯರ ಹೆಸರೂ ಇತ್ತು, ನನ್ನದಿರಲಿಲ್ಲ. ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಅಭಿನಂದನೆ ಹೇಳಿಕೊಳ್ಳುತ್ತಿದ್ದರು. ನನಗೆ ಒಬ್ಬರೂ ಫೋನು ಮಾಡಲಿಲ್ಲ.

ಕೆಲಸದಿಂದ ತೆಗೆಯುವುದಿಲ್ಲ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಬಂದು ಸೇರಿಕೋ ಎಂದು ಹಿರಿಯರೊಬ್ಬರು ಗುಟ್ಟಾಗಿ ತಿಳಿಸಿದರು. ಮಿಜುನೋ-ಸಾನ್ ಅವರದೂ ಅದೇ ಮಾತು. ಇಷ್ಟು ದಿನದಲ್ಲಿ ಮೊದಲ ಸಲ ಅವರು ದನಿ ಎತ್ತಿದ್ದು ಆಗಲೇ.

"ಹೋಗಿ. ನೀವು ಎದ್ದು ಬಂದರೆ ಆ ಕುರ್ಚಿ ಖಾಲಿ ಇರುವುದಿಲ್ಲ. ಇದು ಗೊತ್ತಿಲ್ಲದ ಇನ್ನೊಬ್ಬರು ಬಂದು ಕೂರುತ್ತಾರೆ."

ನಾನು ಹೋಗಲಿಲ್ಲ. ರಾಜೀನಾಮೆ ಕೊಟ್ಟೆ. ಯಾರಾದರೂ ಇದನ್ನು ತ್ಯಾಗ ಅಂದುಕೊಂಡಾರು, ಅದಕ್ಕೇ ಹೇಳುತ್ತೇನೆ, ತ್ಯಾಗ ಗೀಗ ಏನಲ್ಲ. ಕಿರಿಯರ ಕೈಕೆಳಗೆ ಕೆಲಸ ಮಾಡಬೇಕಲ್ಲ ಎಂಬ ಸಿಟ್ಟು ಅರ್ಧ, ಇನ್ನೊಬ್ಬ ಮನುಷ್ಯ ಕೈ ಜೋಡಿಸಿ ತಪ್ಪಾಯ್ತು ಅಂದರೆ ಏನು ಮಾಡಲಿ ಎಂಬ ಹೆದರಿಕೆ ಅರ್ಧ. ಮಿಜುನೋ-ಸಾನ್ ಆ ಮೇಲೆ ನನಗೆ ಪಾಠ ಹೇಳಿದರು, ಟೀ ಸುರಿದರು, ಎಲ್ಲ ಸರಿಯೇ. ಆದರೆ ಕೋರ್ಟಿನ ಮಾತು ಒಂದು ದಿನವೂ ಎತ್ತಲಿಲ್ಲ. ಅವರು ಒಸಾಕಾದ ಮಗಳ ಮನೆಗೆ ಹೋಗುವ ದಿನ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಏನಾದರೂ ಹೇಳುತ್ತಾರೇನೋ ಎಂದು ನೋಡಿದೆ. ಬಾಗಿ ನಮಸ್ಕರಿಸಿ ರೈಲು ಹತ್ತಿದರು. ಆಮೇಲೆ ಬಂದದ್ದು ಮಗಳು ಕಳಿಸಿದ ಸಾವಿನ ಸುದ್ದಿ.

ಮಲ್ಲೇಶಪ್ಪನವರ ಆದೇಶ ಬಂದದ್ದು ನಾನು ರಾಜೀನಾಮೆ ಕೊಟ್ಟ ಮೇಲಿನ ಜನವರಿಯಲ್ಲಿ. ಬೆಳಿಗ್ಗೆಯಿಂದ ಹಿಮ ಬೀಳುವ ಹಾಗಿದ್ದೂ ಬಿದ್ದಿರಲಿಲ್ಲ. ನಿಧಿಯನ್ನು ಶಾಲೆಗೆ ಕಳಿಸಿ ಪಾತ್ರೆ ತೊಳೆಯುತ್ತಿದ್ದೆ, ಫೋನು ಬಂತು.

"ತಾಯಿ, ಆರ್ಡ್ರು ಬಂದೈತೆ. ನಿನ್ನೆನೇ ಕೊಟ್ರು. ವಕೀಲ್ರು ಗೆದ್ದೆ ಬಿಡಪ್ಪಾ ಅಂತಂದು ಬೇರೆ ಕೇಸಿಗೆ ಓಡಿ ಹೋದ್ರು. ಇಂಗ್ಲೀಷ್ನಾಗೈತೆ. ಮಗನ ಕೈಲಿ ಫೋಟ ತೆಗ್ಸಿ ಕಳ್ಸೀನಿ. ಒಂದೀಟು ಓದಿ ಹೇಳ್ರಿ."

ಕೈ ಒರೆಸಿಕೊಂಡು ಕೂತೆ. ನಾಲ್ಕು ಹಾಳೆ. ಒಂದೊಂದೇ ಸಾಲು ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ. ಅರ್ಥವಾಯಿತಾ ಎಂದು ಕೇಳಿ ಮುಂದಿನ ಸಾಲಿಗೆ ಹೋದೆ. ಅವರು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಅರ್ಜಿ ತಡವಾದದ್ದನ್ನು ಮನ್ನಿಸಲಾಗಿದೆ. ಆರೋಪವನ್ನು ಓದಿ ವಿವರಿಸದೆ ಪಡೆದ ಒಪ್ಪಿಗೆ ಕಾನೂನಿನಲ್ಲಿ ಒಪ್ಪಿಗೆಯಲ್ಲ. ಆದ್ದರಿಂದ ಶಿಕ್ಷೆಯನ್ನು ರದ್ದು ಮಾಡಲಾಗಿದೆ. ಪ್ರಕರಣ ಹಳೆಯದು, ಅತಿ ಸಣ್ಣದು, ಮತ್ತೆ ವಿಚಾರಣೆ ನಡೆಸುವ ಅಗತ್ಯ ಕಾಣುವುದಿಲ್ಲ. ಕಡತ ಮುಕ್ತಾಯ.

"ಅಷ್ಟೇನಾ ತಾಯಿ?"

"ಅಷ್ಟೇ. ಶಿಕ್ಷೆ ಹೋಯ್ತು. ಇನ್ನು ಯಾರೂ ನಿಮ್ಮನ್ನ ಶಿಕ್ಷೆ ಆದೋನು ಅನ್ನೋ ಹಾಗಿಲ್ಲ."

"ಆಡಿಲ್ಲ ಅಂತ ಎಲ್ಲಿ ಬರ್ದೈತೆ?"

ಮತ್ತೊಮ್ಮೆ ನಾಲ್ಕು ಹಾಳೆಯನ್ನೂ ನೋಡಿದೆ. ನೋಡುವ ಅಗತ್ಯವಿರಲಿಲ್ಲ, ನನಗೆ ಗೊತ್ತಿತ್ತು. ಮತ್ತೆ ವಿಚಾರಣೆಯಾಗಿ ಸಾಕ್ಷಿ ಹೇಳಿಸಿದ್ದರೆ ಮಾತ್ರ ಆಡಿದ್ದರೋ ಇಲ್ಲವೋ ಎಂದು ಬರೆಯುತ್ತಿದ್ದರು. ವಿಚಾರಣೆ ಬೇಡ ಅಂದದ್ದು ಅವರಿಗೆ ಮಾಡಿದ ಉಪಕಾರವೇ. ನಾನು ಆ ಕುರ್ಚಿಯಲ್ಲಿದ್ದರೂ ಹಾಗೇ ಬರೆಯುತ್ತಿದ್ದೆ.

"ಹಾಗಂತ ಬರೆದಿಲ್ಲ ಮಲ್ಲೇಶಪ್ಪ" ಎಂದೆ.

ಆ ಕಡೆ ಕುರಿಯೊಂದನ್ನು ಯಾರೋ ಹ್ಯಾ ಹ್ಯಾ ಎಂದು ಅಟ್ಟುತ್ತಿದ್ದರು.

"ನಂಗೆ ಯಾರೂ ಕೇಳ್ಲೇ ಇಲ್ಲ ನೋಡ್ರಿ ತಾಯಿ" ಎಂದರು. "ಪೊಲೀಸ್ನೋರು ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಈ ದೊಡ್ಡ ಕೋರ್ಟ್ನೋರೂ ಕೇಳ್ಲಿಲ್ಲ. ಒಂದ್ಸಲ ಕೇಳ್ರಿ. ಕೋರ್ಟ್ನಾಗೆ ಕೇಳ್ತಾರಲ್ಲ, ಹಂಗೆ ಕೇಳ್ರಿ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ಕೂತು ಕೇಳುವುದಕ್ಕೆ ಆಗಲಿಲ್ಲ.

"ಮಲ್ಲೇಶಪ್ಪನವರೇ, ಅವತ್ತು ನೀವು ಇಸ್ಪೀಟು ಆಡಿದ್ರಾ?"

"ಇಲ್ಲ ತಾಯಿ" ಎಂದರು.

ಅದನ್ನು ಬರೆದುಕೊಳ್ಳುವ ಅಧಿಕಾರ ಆ ಹೊತ್ತಿಗೆ ನನಗಿರಲಿಲ್ಲ.